ಶಿವವ್ವನ ಸಣ್ಣ ಕೌದಿ

“ಯಾರಿಗಂತ ಹೊಲಿಯಾಕತ್ತೇನಿ ನಾ ಇದನ್ನ?”

ಶಿವವ್ವ ಗಟ್ಟಿಯಾಗಿಯೇ ಕೇಳಿದಳು. ಆದರೆ ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಪರಶು ಬಂದರಿನ ಪಾಳಿಗೆ ಹೋಗಿದ್ದ. ಸೊಸೆ ನಂದಾ ಬೆಳಗಿನ ಬಸ್ಸು ಹಿಡಿದು ಗೋವಾದ ಸಡಾ ಗುಡ್ಡ ಇಳಿದು ವಾಸ್ಕೊ ಕಡೆ ಹೋಗಿದ್ದಳು. ಇದ್ದದ್ದು ಗೂಡಿನಲ್ಲಿ ಎಲ್ಲವ್ವನ ಪಟ, ಬಾಗಿಲಾಚೆ ಸಮುದ್ರ.

ಅವಳ ತೊಡೆಯ ಮೇಲೆ ಸಣ್ಣದೊಂದು ಕೌದಿ ಇತ್ತು. ಕೂಸೊಂದು ಮಲಗಿದರೆ ಸರಿಹೋಗುವಷ್ಟು ಸಣ್ಣದು. ತನ್ನ ಇಳಕಲ್ ಸೀರೆಯ ಸೆರಗು, ತೀರಿಹೋದ ಗಂಡ ದೇವಪ್ಪನ ರುಮಾಲಿನ ತುಂಡು, ಪರಶುವಿನ ಶಾಲೆಯ ಅಂಗಿ, ಎಲ್ಲವನ್ನೂ ಜೋಡಿಸಿ ಸಾಲು ಸಾಲಾಗಿ ಹೊಲಿಗೆ ಹಾಕಿದ್ದಳು. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದು ಬಾಯಿ ತೆರೆದುಕೊಂಡಿತ್ತು. ಅವಳ ಊರಿನ ಕಡೆ ಕೌದಿಯನ್ನು ಸುಮ್ಮನೆ ಮುಗಿಸುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಏಳು ಕಾಳು ಜೋಳ ಒಳಗಿಟ್ಟು, ಹೊದೆಯುವವರ ಹೆಸರು ಹೇಳಿ, ಅದರ ಉಡಿ ತುಂಬುತ್ತಾರೆ. ಯಾರ ಹೆಸರು ಹೇಳುವುದು? ಮದುವೆಯಾಗಿ ಎರಡು ವರ್ಷವಾದರೂ ನಂದಾಳ ಮಡಿಲು ಬರಿದಾಗಿತ್ತು.

ಬರಿದಾಗಿತ್ತು ಎನ್ನುವುದಕ್ಕಿಂತ, ಬರಿದಾಗಿ ಇಟ್ಟುಕೊಂಡಿದ್ದರು ಎನ್ನಬೇಕು. ಗಂಡ ಹೆಂಡತಿ ಕೂಡಿ ಕುಳಿತು ಆಡಿದ ಮಾತು ಅದು. ನಂದಾ ಸರ್ಕಾರಿ ಐಟಿಐಯಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದಳು. ವರ್ಷದ ಕೋರ್ಸು ಮುಗಿಯುತ್ತ ಬಂದಿತ್ತು, ಪರೀಕ್ಷೆಗೆ ವಾರವಷ್ಟೇ ಉಳಿದಿತ್ತು. ಅದರಲ್ಲಿ ಪಾಸಾದರೆ ಹಡಗು ಕಟ್ಟುವ ಯಾರ್ಡಿನಲ್ಲಿ ಒಂದು ವರ್ಷ ಅಪ್ರೆಂಟಿಸ್. “ಅಲ್ಲೀತನಕ ಕೂಸಿನ ಮಾತು ಬ್ಯಾಡ ಅತ್ತಿ. ಆಮ್ಯಾಲ ನಾವಿಬ್ರೂ ಕೂತು ಮಾತಾಡ್ತೀವಿ” ಎಂದು ನಂದಾ ಹೇಳಿದ್ದಳು. ಪರಶು ಹೌದೆಂದಿದ್ದ. ಶಿವವ್ವ ಮಾತ್ರ ಎಲ್ಲವ್ವನ ಪಟದ ಕಡೆ ನೋಡಿದ್ದಳು.

ಊರಲ್ಲಿ ಅವಳ ಅಣ್ಣ ಕೇಶಪ್ಪ ಇದ್ದ. ಪ್ರತಿ ಅಮಾವಾಸ್ಯೆಗೆ ಅವನ ಫೋನು ತಪ್ಪುತ್ತಿರಲಿಲ್ಲ. “ಏನರ ಸುದ್ದಿ ಐತೇನ ತಂಗಿ? ಇಲ್ಲಾ? ಹಂಗಾರ ಹುಡುಗೀನ್ನ ಇಲ್ಲಿ ಕಳಸು. ಇಲ್ಲೊಬ್ಬಾವ ಬೇರು ಕೊಡ್ತಾನ. ಮೂರು ಅಮಾಸಿ ಕುಡಿದ್ರ ಆತು” ಎನ್ನುತ್ತಿದ್ದ. ಕಳೆದ ಸಲ ಶಿವವ್ವ ಒಪ್ಪಿಕೊಂಡೇ ಬಿಟ್ಟಿದ್ದಳು. “ಪರೀಕ್ಷಿ ಒಂದು ಮುಗೀಲಿ ಅಣ್ಣಾ, ಕಳಸ್ತೇನಿ.” ಮಾತು ಕೊಟ್ಟದ್ದನ್ನು ನಂದಾಳಿಗೆ ಹೇಳಲಿಲ್ಲ, ಮೂರು ಅಮಾವಾಸ್ಯೆ ಊರಲ್ಲಿ ಕುಳಿತರೆ ಯಾರ್ಡಿನ ಜಾಗ ಇನ್ನೊಬ್ಬರ ಪಾಲಾಗುತ್ತದೆ ಎಂಬುದನ್ನು ತನಗೂ ಹೇಳಿಕೊಳ್ಳಲಿಲ್ಲ.

ಅವತ್ತು ಶಿವವ್ವ ಕೌದಿಯನ್ನು ಒಗೆದು ತಂತಿಯ ಮೇಲೆ ಹಾಕಿದಳು. ಬಂದರಿನ ಕರಿ ಧೂಳು ಕೂರಬಾರದೆಂದು, ಮಂದಿಯ ಕಣ್ಣಿಗೂ ಬೀಳಬಾರದೆಂದು ಒಳಭಾಗ ಹೊರಗೆ ಮಾಡಿ ಹಾಕಿದ್ದಳು. ಆದರೂ ಅಳತೆ ಅಡಗುತ್ತದೆಯೇ?

ಪಕ್ಕದ ಮನೆಯ ಚಂದ್ರಿಬಾಯಿ ಬೀಚಿನಲ್ಲಿ ಮಣಿಸರ, ಕನ್ನಡಿ ಹೊಲಿದ ಚೀಲ ಮಾರುವಾಕೆ. ಗಂಟು ಹೊತ್ತು ಹೊರಟವಳು ತಂತಿ ನೋಡಿ ನಿಂತಳು.

“ಏ ಶಿವಕ್ಕಾ! ಇದು ಯಾರ ಅಳತಿ ಕೌದಿ? ಬೆಕ್ಕಿಗೆ ಹೊಲದೀ ಏನು?”

“ಬೆಕ್ಕಿಗ್ಯಾಕ ಹೊಲೀಲಿ?”

“ಹಂಗಾರ ಸುದ್ದಿ ಐತಿ! ಎಷ್ಟರಾಗ ನಡದೈತಿ?”

ಶಿವವ್ವ ಇಲ್ಲ ಅನ್ನಬೇಕಿತ್ತು. ಒಂದೇ ಮಾತು. ಆದರೆ ಎರಡು ವರ್ಷದಿಂದ ಮಂದಿ ಕೇಳಿದಾಗಲೆಲ್ಲ ಇಲ್ಲ ಇಲ್ಲ ಎಂದು ಹೇಳಿ ನಾಲಿಗೆ ದಣಿದಿತ್ತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು, ಅಷ್ಟೇ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆ ನಗೆಯೇ ತಪ್ಪಾಯಿತು.

ಶುಕ್ರವಾರ ಸಂಜೆ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಚಂದ್ರಿಬಾಯಿ ಬಂದೇಬಿಟ್ಟಳು. ಒಬ್ಬಳ ಕೈಯಲ್ಲಿ ಹಸಿರು ಬಳೆ, ಒಬ್ಬಳ ಕೈಯಲ್ಲಿ ಹಸಿರು ಕುಬಸದ ಖಣ, ಉಳಿದವರ ತಲೆಯ ಮೇಲೆ ಬುತ್ತಿ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗಟ್ಟಿ ಮೊಸರು. ಬಸುರಿಯಾದ ಮೊದಲ ತಿಂಗಳುಗಳಲ್ಲಿ ಹೆಚ್ಚು ಸದ್ದು ಮಾಡದೆ ಮಾಡುವ ಕಳ್ಳ ಕುಬಸ ಅದು. ಊರು ಬಿಟ್ಟು ಬಂದವರು ಊರಿನ ಶಾಸ್ತ್ರ ಬಿಟ್ಟಿರಲಿಲ್ಲ. ತವರು ದೂರವಿದ್ದವಳಿಗೆ ಓಣಿಯೇ ತವರಾಗಿ ನಿಲ್ಲುವ ಪ್ರೀತಿ ಅದು. ಆ ಪ್ರೀತಿಗೆ ಶಿವವ್ವ ಏನು ಹೇಳಬೇಕು?

ಅಷ್ಟರಲ್ಲಿ ನಂದಾ ಬಾಗಿಲಿಗೆ ಬಂದಳು. ಮೈಮೇಲೆ ಐಟಿಐಯ ನೀಲಿ ಅಂಗಿ. ತೋಳಿನ ತುಂಬ ಕಿಡಿ ಬಿದ್ದ ಸಣ್ಣ ಸಣ್ಣ ತೂತು. ಅಂಗೈ ಮಸಿ.

“ಬಾ ಯವ್ವಾ, ಕುಂದ್ರು” ಎಂದು ಚಂದ್ರಿಬಾಯಿ ಮಣೆ ತೋರಿಸಿದಳು. “ಈ ಸ್ಥಿತಿಯಾಗ ಬೆಂಕಿ ಮುಂದ ನಿಂದರ್ತಿಯಲ್ಲ, ನಿನಗ ಬುದ್ಧಿ ಐತೇನು?”

“ಯಾವ ಸ್ಥಿತಿ ಚಂದ್ರಕ್ಕಾ?”

ನಂದಾ ಬಳೆ ನೋಡಿದಳು, ಬುತ್ತಿ ನೋಡಿದಳು, ಕೊನೆಗೆ ಅತ್ತೆಯ ಮುಖ ನೋಡಿದಳು.

“ಅತ್ತಿ, ನಾ ಬಸುರಿ ಅಂತ ಯಾರ್ ಹೇಳಿದ್ರು?”

ಶಿವವ್ವ ನೆಲ ನೋಡಿದಳು.

ನಂದಾ ದನಿ ಎತ್ತಲಿಲ್ಲ. ಕೈ ತೊಳೆದು ಬಂದು ಎಲ್ಲರ ನಡುವೆ ಕುಳಿತಳು. “ಅಕ್ಕಾರ, ನೀವು ಇಷ್ಟು ಅಕ್ಕರತಿಯಿಂದ ಬಂದೀರಿ, ನಿಮ್ಮ ಕಾಲಿಗೆ ಬೀಳ್ತೇನಿ. ಆದ್ರ ನಾ ಬಸುರಿ ಅಲ್ಲ. ಈಗ ಆಗೂದೂ ಇಲ್ಲ. ಮೊದಲ ಈ ಕೆಲಸ ಕೈಗೆ ಹತ್ತಬೇಕು. ಆಮ್ಯಾಲ ಕೂಸು ಬೇಕನಸಿದ್ರ ಆಗ್ತದ, ಬ್ಯಾಡನಸಿದ್ರ ಇಲ್ಲ. ಅದು ನಾನೂ ಅವರೂ ಕೂಡಿ ಹೇಳೂ ಮಾತು.”

“ಬ್ಯಾಡನಸಿದ್ರ ಇಲ್ಲಾ?” ಚಂದ್ರಿಬಾಯಿ ಬಾಯಿ ಮೇಲೆ ಕೈಯಿಟ್ಟಳು. “ಶಿವಕ್ಕಾ, ನಿನ್ನ ಸೊಸಿ ಕಬ್ಬಿಣ ಕೂಡಸೂದು ಕಲಿತು ಮನಿ ಕೂಡಸೂದು ಮರತಾಳ ನೋಡು.”

ಬುತ್ತಿ ಬಿಚ್ಚದೆ ಹೋದವು. ಬಳೆಯ ಡಬ್ಬಿ ಮಾತ್ರ ಮಣೆಯ ಮೇಲೆ ಉಳಿಯಿತು. ನಂದಾ ಉಣ್ಣದೆ ಮಲಗಿದಳು. ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಶಿವವ್ವನಿಗೆ ಹಗುರಾಗುತ್ತಿತ್ತು.

ಮರುದಿನ ಶನಿವಾರ. ಆರೋಗ್ಯ ಕೇಂದ್ರದ ನರ್ಸ್ ಜಯಶ್ರೀ ಲಸಿಕೆಯ ಡಬ್ಬಿ ಹಿಡಿದು ಓಣಿಗೆ ಬಂದಳು. ಸಡಾದಲ್ಲಿಯೇ ಹುಟ್ಟಿ ಬೆಳೆದವಳು. ಕೊಂಕಣಿಯವರ ಹತ್ತಿರ ಕೊಂಕಣಿ, ನಮ್ಮವರ ಹತ್ತಿರ ನಮ್ಮ ಮಾತು. ಶಿವವ್ವ ಅವಳನ್ನು ಕೂರಿಸಿ, ಚಹಾ ಕೊಟ್ಟು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದಳು.

“ಸಿಸ್ಟರ್, ಆಕಿ ಏನೋ ಹಾಕಿಸಿಕೊಂಡಾಳಂತ ನನ್ನ ಅನುಮಾನ. ಕಾಪರ್-ಟಿನೋ, ಸೂಜಿನೋ. ಅದರಿಂದ ಗರ್ಭ ಒಣಗಿ ಹೋಗ್ತದಂತಲ್ರಿ? ಆಮ್ಯಾಲ ಬೇಕಂದ್ರೂ ಆಗಂಗಿಲ್ಲಂತ.”

“ನಂದಾ ಏನು ತಗೊಂಡಾಳ, ತಗೊಂಡಿಲ್ಲ, ಅದನ್ನ ನಾ ಹೇಳಂಗಿಲ್ರಿ ಶಿವವ್ವಕ್ಕಾರ. ಅದು ಆಕಿ ಗುಟ್ಟು. ನಿಮ್ಮ ಗುಟ್ಟನ್ನೂ ನಾ ಯಾರಿಗೂ ಹೇಳಂಗಿಲ್ಲ. ಆದ್ರ ಒಣಗಿ ಹೋಗ್ತದ ಅನ್ನೂದು ಸುಳ್ಳು. ಕಾಪರ್-ಟಿ ಬ್ಯಾಡಾದಾಗ ನಮ್ಮಲ್ಲಿ ಬಂದ್ರ ತಗೀತೀವಿ. ತಗದ ಮ್ಯಾಲ ಮೊದಲಿನಂಗ ಬಸಿರು ನಿಲ್ತದ. ಮೂರು ತಿಂಗಳಿಗೊಮ್ಮಿ ಮಾಡಸೂ ಸೂಜಿ ಬಿಟ್ಟ ಮ್ಯಾಲ ಕೆಲವರಿಗೆ ಒಂದಿಷ್ಟು ತಿಂಗಳು ತಡ ಆಗ್ತದ, ಆದ್ರ ಆಗ್ತದ. ಗುಳಗಿ ಅದಾವ. ಗಂಡಸರಿಗೆ ನಿರೋಧ ಐತಿ, ಅದು ರೋಗದಿಂದನೂ ಕಾಯ್ತದ. ಯಾರಿಗೆ ಯಾವುದು ಸರಿ ಅಂತ ತಪಾಸಣಿ ಮಾಡಿ ಹೇಳ್ತೀವಿ. ಸರ್ಕಾರಿ ಕೇಂದ್ರದಾಗ ಎಲ್ಲಾ ಪುಕ್ಕಟೆ.”

“ವಯಸ್ಸು ಮೀರಿ ಹೋದ್ರ?”

“ಅದು ಖರೇ ಪ್ರಶ್ನಿ. ಮೂವತ್ತೈದು ದಾಟಿದ ಮ್ಯಾಲ ಬಸಿರು ನಿಲ್ಲೂದು ಕಷ್ಟ ಆಗ್ಕೋತ ಹೋಗ್ತದ. ಅದನ್ನ ನಾವು ಮುಚ್ಚಿಡಂಗಿಲ್ಲ, ಎಲ್ಲಾ ಹುಡುಗ್ಯಾರಿಗೂ ಹೇಳ್ತೀವಿ. ಆದ್ರ ನಂದಾಗ ಈಗ ಇಪ್ಪತ್ಮೂರು. ಎರಡು ಮೂರು ವರ್ಷ ತಡದ್ರ ಆಕಾಶ ಕೆಳಗ ಬೀಳಂಗಿಲ್ಲ.”

“ನಮ್ಮಣ್ಣ ಬೇರು ಕುಡಿಸೂಣು ಅಂತಾನ್ರಿ.”

“ಏನು ಬೇರು, ಅದರಾಗ ಏನೈತಿ ಅಂತ ಗೊತ್ತಿಲ್ಲದ್ದು ಹೊಟ್ಟಿಗೆ ಹಾಕೂದು ಬ್ಯಾಡ್ರಿ. ಕೂಸು ಬೇಕಂತ ಒಂದು ವರ್ಷ ನೋಡಿದ ಮ್ಯಾಲೂ ಆಗಲಿಲ್ಲ ಅಂದ್ರ ಡಾಕ್ಟರ ಕಡೆ ಬರಬೇಕು. ಗಂಡ ಹೆಂಡ್ತಿ ಇಬ್ರೂ. ಹೆಂಡ್ತಿ ಒಬ್ಬಾಕಿ ಅಲ್ಲ.”

“ಹಂಗಾರ ಮಕ್ಕಳು ಬ್ಯಾಡ ಅಂತ ನೀವೂ ಹೇಳ್ತೀರೇನು?”

“ನಾ ಬ್ಯಾಡ ಅನ್ನಾಕ ಯಾರ್ರಿ? ಬೇಕು ಅನ್ನಾಕೂ ಯಾರು?” ಜಯಶ್ರೀ ಚಹಾದ ಬಸಿ ಕೆಳಗಿಟ್ಟಳು. “ಶಿವವ್ವಕ್ಕಾರ, ನೀವು ಸಣ್ಣಾಕಿ ಇದ್ದಾಗ ನಿಮ್ಮನ್ನ ಯಾರರ ಕೇಳಿದ್ರೇನು, ನಿನಗ ಯಾವಾಗ ಕೂಸು ಬೇಕವ್ವಾ ಅಂತ?”

ಶಿವವ್ವ ನಕ್ಕಳು. “ನಮ್ಮನ್ಯಾರು ಕೇಳ್ತಾರ? ಎಮ್ಮಿ ಕೇಳಿ ಕಟ್ಟತಾರೇನು?”

ನಕ್ಕವಳಿಗೆ ಹಳೆಯದೆಲ್ಲ ನೆನಪಾಯಿತು. ಹದಿನಾರಕ್ಕೆ ಮೊದಲ ಹೆರಿಗೆ. ಅದರ ಮರುವರ್ಷ ಇನ್ನೊಂದು, ಅದು ಉಳಿಯಲಿಲ್ಲ. ಆಮೇಲೆ ಮತ್ತೆ, ಮತ್ತೆ. ಮದುವೆಗೆ ಮುಂಚೆ ಊರ ಮಠದಲ್ಲಿ ಪುರಾಣ ನಡೆದಾಗ ಶಿವವ್ವನ ದನಿ ಮುಂದೆ ಇರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಕೇಳಿದ ಪದ್ಯ ಮರೆಯುತ್ತಿರಲಿಲ್ಲ. ಮದುವೆಯಾದ ಮೇಲೆ, ಮಠದ ಸ್ವಾಮಿಗಳಾದ ಅಜ್ಜನವರು ಹತ್ತಾರು ಊರಿಗೆ ಪುರಾಣ ಹೇಳಲು ಹೊರಟಾಗ ಹಾಡಲು ಬಾ ಎಂದು ಕರೆದಿದ್ದರು. ಆಗ ಅವಳು ಬಸುರಿ. ಮರುವರ್ಷ ಕರೆದಾಗ ಬಾಣಂತಿ. ಮೂರನೆಯ ವರ್ಷ ಅವರು ಕರೆಯಲಿಲ್ಲ. ಇಷ್ಟನ್ನೂ ಅವಳು ಯಾರಿಗೂ ಹೇಳಿದವಳಲ್ಲ. ಇವತ್ತು ಜಯಶ್ರೀಗೆ ಹೇಳಿದಳು.

“ಮಕ್ಕಳು ನನಗ ಭಾರ ಆಗಿರಲಿಲ್ರಿ” ಎಂದಳು ಕೊನೆಗೆ. “ಪರಶು ನನ್ನ ಜೀವ. ಆದ್ರ ಆ ಹಾಡು... ಅದೂ ನನ್ನದಾ ಇತ್ತಲ್ಲ.”

“ನಂದಾ ಏನು ಮಾಡ್ತಾಳಂತ ಒಮ್ಮೆರ ನೋಡೀರೇನು?”

“ಇಲ್ರಿ.”

“ನೋಡಿ ಬರ್ರಿ.”

ಸೋಮವಾರ ನಂದಾ ರೊಟ್ಟಿಯ ಗಂಟು ಮರೆತು ಹೋದಳು. ಮೂರು ದಿನದಿಂದ ಬೇಕಾದಷ್ಟೇ ಮಾತಾಡುತ್ತಿದ್ದ ಸೊಸೆ ಅಂದು ಹೊಟ್ಟೆಗೂ ಬೇಡವೆಂದು ಹೊರಟಂತಿತ್ತು. ಶಿವವ್ವ ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು.

ಐಟಿಐಯ ಶೆಡ್ಡಿನಲ್ಲಿ ಕಲಿಸುವವರು ಹಾರೂನ ಸರ್. ಹುಬ್ಬಳ್ಳಿ ಕಡೆಯವರು. “ಬರ್ರಿ ಅವ್ವಾರ, ನಂದಾನ ಅತ್ತಿ ಏನ್ರಿ? ಒಳಗ ಬರ್ರಿ. ಬರಿಗಣ್ಣಿಲೆ ಆ ಬೆಳಕು ನೋಡಬ್ಯಾಡ್ರಿ, ಇದನ್ನ ಹಿಡೀರಿ” ಎಂದು ಕಪ್ಪು ಗಾಜಿನ ಮುಖಗವಸು ಕೈಗೆ ಕೊಟ್ಟರು.

ಶಿವವ್ವ ಅದನ್ನು ಮುಖಕ್ಕೆ ಹಿಡಿದಳು. ಲೋಕವೆಲ್ಲ ಕತ್ತಲಾಯಿತು. ಆ ಕತ್ತಲಲ್ಲಿ ಒಂದೇ ಒಂದು ಬೆಳಕು. ಸಾಸಿವೆಯಷ್ಟು. ಅದು ಎರಡು ತಗಡುಗಳ ನಡುವಿನ ಸಂದಿಯಲ್ಲಿ ನಿಧಾನವಾಗಿ, ಒಂದೇ ಹದದಲ್ಲಿ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಮುಂದೆ ಸಾಗುತ್ತಿತ್ತು. ಮುಖ ಕಾಣದಿದ್ದರೂ ಕೈ ಗುರುತು ಸಿಕ್ಕಿತು. ನಂದಾಳ ಕೈ. ಆ ನಡಿಗೆಯೂ ಗುರುತಿನದೇ. ನಲವತ್ತು ವರ್ಷ ತನ್ನ ಸೂಜಿ ನಡೆದ ನಡಿಗೆ.

“ಹೊಲಿಗಿ ಹಾಕಾಕತ್ತಾಳಲ್ರಿ!” ಎಂದಳು ಶಿವವ್ವ.

ಹಾರೂನ ನಕ್ಕರು. “ಖರೇ ಅಂದ್ರಿ. ಇದು ಕಬ್ಬಿಣದ ಹೊಲಿಗಿನಾ. ಹಡಗಿನ ಹೊಟ್ಟಿ ನಿಂತಿರೂದು ಇದರ ಮ್ಯಾಲ.”

ಬೆಂಚಿನ ಮೇಲೆ ತಣ್ಣಗಾದ ತಗಡುಗಳ ಸಾಲು ಇತ್ತು. ನಂದಾ ಅಭ್ಯಾಸಕ್ಕೆ ಮಾಡಿದವು. ಪ್ರತಿಯೊಂದರ ಮೇಲೂ ಸುಣ್ಣದ ಕಡ್ಡಿಯಿಂದ ದಿನ ಬರೆದಿತ್ತು. ಓದಲು ಬಾರದ ಶಿವವ್ವ ಹೆಬ್ಬೆರಳಿನಿಂದ ಒಂದೊಂದೇ ಹೊಲಿಗೆ ಸವರುತ್ತ ಹೋದಳು. ಮೊದಲನೆಯದು ಚಲೋ. ಎರಡನೆಯದು ಇನ್ನೂ ಚಲೋ. ಎದೆ ಉಬ್ಬಿತು. ನಾಲ್ಕನೆಯದರ ನಡುವೆ ಬೆರಳು ನಿಂತಿತು.

“ಇಲ್ಲಿ ಕೈ ತಪ್ಪೈತಿ. ಇಲ್ಲೊಮ್ಮಿ, ಇಲ್ಲೊಮ್ಮಿ. ನೂಲು ಸಡ್ಲ ಬಿದ್ದಂಗ.”

ಹಾರೂನ ಬಗ್ಗಿ ನೋಡಿದರು. ಹುಬ್ಬು ಮೇಲೇರಿತು. “ನಮ್ಮ ಹುಡುಗರಿಗೆ ಇದನ್ನ ಕಾಣಸಾಕ ಆರು ತಿಂಗಳು ಬೇಕ್ರಿ ಅವ್ವಾರ. ನೀವು ಬೆರಳಿಲೆ ಹಿಡದ್ರಿ!” ಆಮೇಲೆ ಸುಣ್ಣದ ಬರಹ ಓದಿದರು. “ಇದು ಶನಿವಾರದ್ದು. ಅವತ್ತು ಯಾಕೋ ಹುಡುಗಿ ಕೈ ನಡುಗತಿತ್ತು. ಪರೀಕ್ಷಿ ಬುಧವಾರ ಐತಿ, ಹಿಂಗಾದ್ರ ಹ್ಯಾಂಗ ಅಂತ ನಾನೂ ಅಂದೆ.”

ಶನಿವಾರ. ಶುಕ್ರವಾರದ ಮರುದಿನ.

ಶಿವವ್ವ ಆ ತಗಡಿನಿಂದ ಬೆರಳು ತೆಗೆಯಲಿಲ್ಲ. ತಾನು ಸೆರಗು ಬಾಯಿಗೆ ಹಿಡಿದು ನಕ್ಕ ನಗೆ ಅಲ್ಲಿತ್ತು, ಕಬ್ಬಿಣದಲ್ಲಿ ಉಳಿದುಬಿಟ್ಟಿತ್ತು.

ನಂದಾ ಮುಖಗವಸು ಎತ್ತಿದಳು. ಬೆವರಿದ ಮುಖ, ಅಚ್ಚರಿಯ ಕಣ್ಣು. “ಅತ್ತಿ? ನೀವಿಲ್ಲಿ?”

“ರೊಟ್ಟಿ ಮರತ ಬಂದಿದ್ದಿ.” ಶಿವವ್ವ ಗಂಟು ಚಾಚಿದಳು. “ತಪ್ಪು ನಂದು ಮಗಳ. ಇಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಇವತ್ತು ಹೋಗಿ ಎಲ್ಲಾರಿಗೂ ಹೇಳ್ತೇನಿ. ಬುಧವಾರ ನಿನ್ನ ಕೈ ನಡುಗಬಾರದು.”

ನಂದಾ ರೊಟ್ಟಿಯ ಗಂಟು ಬಿಚ್ಚಿ, ಮೊದಲ ತುತ್ತು ಅತ್ತೆಯ ಬಾಯಿಗೆ ಇಟ್ಟಳು.

ಸಂಜೆ ಶಿವವ್ವ ಬಳೆಯ ಡಬ್ಬಿ ಹಿಡಿದು ಚಂದ್ರಿಬಾಯಿಯ ಮನೆಗೆ ಹೋದಳು. “ಚಂದ್ರೀ, ಅವತ್ತು ನಾ ಸುಳ್ಳು ನಗಿ ನಕ್ಕೆ. ನನ್ನ ಸೊಸಿದು ಏನೂ ತಪ್ಪಿಲ್ಲ. ಬುತ್ತಿ ತಂದಾಕಿನ್ನ ತಿರುಗಿ ಕಳಿಸಿದ ಪಾಪ ನಂದು.”

“ಹೋಗ್ಲಿ ಬಿಡು” ಎಂದಳು ಚಂದ್ರಿಬಾಯಿ. “ಆದ್ರ ಹೆಣ್ಣು ಹುಡುಗಿ ಬೆಂಕಿ ಕೆಲಸ ಮಾಡೂದು...”

“ಬೆಂಕಿ ಅಲ್ಲ, ಹೊಲಿಗಿ. ನೀ ಕನ್ನಡಿ ಹೊಲೀತಿ, ನಾ ಕೌದಿ ಹೊಲೀತೇನಿ, ಆಕಿ ಹಡಗು ಹೊಲೀತಾಳ. ನಮ್ಮಿಬ್ಬರಿಗಿಂತ ದೊಡ್ಡ ಸೂಜಿ ಆಕೀದು.”

ಚಂದ್ರಿಬಾಯಿ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. “ಹಂಗಾರ ನಮ್ಮ ಲತಾನ್ನೂ ಒಮ್ಮಿ ಕರಕೊಂಡು ಹೋಗಿ ತೋರಸಬೇಕಾತು” ಎಂದಳು. ಲತಾ ಅವಳ ಮಗಳು, ಹತ್ತನೆಯ ಕ್ಲಾಸು. ಚಂದ್ರಿಬಾಯಿ ಹಸಿರು ಬಳೆಗಳನ್ನು ಹಿಂದಕ್ಕೆ ಪಡೆಯಲಿಲ್ಲ. “ಪರೀಕ್ಷಿಗೆ ಹೋಗಾಗ ಹಾಕ್ಕೊಳ್ಳಲಿ. ಬಸುರಿಗೇ ಹಾಕಬೇಕಂತ ಎಲ್ಲಿ ಐತಿ?”

“ಕೆಲಸದಾಗ ಬಳಿ ಹಾಕೂಹಂಗಿಲ್ಲಂತ. ಪಾಸಾದ ಮ್ಯಾಲ ಹಾಕ್ಕೋತಾಳ.”

ನಂದಾ ಪಾಸಾದಳು. ಇಡೀ ಬ್ಯಾಚಿನಲ್ಲಿ ಎರಡನೆಯವಳಾಗಿ. ಯಾರ್ಡಿನ ಕಾಗದ ಬಂದ ದಿನ ಓಣಿಯ ಹೆಂಗಸರು ಮತ್ತೆ ಬುತ್ತಿ ಕಟ್ಟಿಕೊಂಡು ಬಂದರು. ಈ ಸಲ ಬುತ್ತಿ ಬಿಚ್ಚಿದವು. ನಂದಾಳ ಎರಡೂ ಕೈಗೆ ಚಂದ್ರಿಬಾಯಿಯೇ ಹಸಿರು ಬಳೆ ಏರಿಸಿದಳು. ಆ ವಾರವೇ ಗಂಡ ಹೆಂಡತಿ ಇಬ್ಬರೂ ಜಯಶ್ರೀಯ ಹತ್ತಿರ ಹೋಗಿ ಮುಂದಿನ ದಿನಗಳ ಬಗ್ಗೆ ಮಾತಾಡಿ ಬಂದರು. ಏನು ಮಾತಾಡಿದಿರಿ ಎಂದು ಶಿವವ್ವ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಎಂಬುದು ಅತ್ತೆಯಾದವರಿಗೆ ಗೊತ್ತು.

ಇತ್ತ ಸಣ್ಣ ಕೌದಿ ಸಣ್ಣದಾಗಿ ಉಳಿಯಲಿಲ್ಲ. ಶಿವವ್ವ ಅಂಚು ಬಿಚ್ಚಿ ಅದನ್ನು ನಾಲ್ಕೂ ಕಡೆ ಬೆಳೆಸಿದಳು. ಕಿಡಿ ಬಿದ್ದು ತೂತಾದ ನಂದಾಳ ನೀಲಿ ಅಂಗಿ ಅಂಚಿನ ಸುತ್ತ ಬಂತು. ಆ ತೂತುಗಳನ್ನು ಮುಚ್ಚಲಿಲ್ಲ, ಒಂದೊಂದರ ಸುತ್ತಲೂ ಬಿಳಿ ನೂಲಿನ ಹೂ ಕಟ್ಟಿದಳು. ದೊಡ್ಡವರು ಕಾಲು ಚಾಚಿ ಮಲಗುವಷ್ಟಾಯಿತು. ಕೊನೆಯ ಮೂಲೆಯಲ್ಲಿ ಏಳು ಕಾಳು ಜೋಳ ಇಟ್ಟಳು. ಸಣ್ಣ ದನಿಯಲ್ಲಿ, ಎಂದೋ ಮಠದಲ್ಲಿ ಹಾಡಿದ ಪದ್ಯವೊಂದನ್ನು ಹಾಡುತ್ತ, ನಂದಾ ಎಂದು ಹೆಸರು ಹೇಳಿ ಮೂಲೆಯ ಬಾಯಿ ಹೊಲಿದು ಮುಚ್ಚಿದಳು. ಈಗ ಆ ಕೌದಿಯನ್ನು ಒಗೆದು ಹಾಕುವಾಗ ಒಳಭಾಗ ಹೊರಗೆ ಮಾಡುವುದಿಲ್ಲ. ರಸ್ತೆಗೆ ಕಾಣುವಂತೆಯೇ ಹಾಕುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಸಂಘದಲ್ಲಿ ಓದಿಸಿ ಕೇಳುತ್ತಿರುವ ತಾಯಂದಿರೇ. ನಿಮ್ಮ ಮನೆಯಲ್ಲೂ ಒಬ್ಬ ಮಗಳು, ಒಬ್ಬ ಸೊಸೆ ಇದ್ದಾಳೆ. ಕೂಸು ಬೇಕೇ, ಯಾವಾಗ ಬೇಕು, ಎಷ್ಟು ಬೇಕು ಎಂಬುದನ್ನು ಅವಳೂ ಅವಳ ಗಂಡನೂ ಕೂಡಿ ಹೇಳಲಿ. ತಾಯಿಯಾದವಳನ್ನು ನಾವು ಹೇಗೆ ಕೊಂಡಾಡುತ್ತೇವೋ, ಸದ್ಯಕ್ಕೆ ಬೇಡವೆಂದವಳನ್ನೂ ಬೇರೆ ದಾರಿ ಹಿಡಿದವಳನ್ನೂ ಹಾಗೆಯೇ ಕೊಂಡಾಡೋಣ. ಮನಸ್ಸಿನಲ್ಲಿ ಅನುಮಾನ ಇದ್ದರೆ ಓಣಿಯಲ್ಲಿ ಕೇಳಬೇಡಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹೇಳಿದ ಗುಟ್ಟು ಅಲ್ಲಿಯೇ ಉಳಿಯುತ್ತದೆ. ಮಂದಿ ಬಂದು ಏನರ ಸುದ್ದಿ ಐತೇನು ಎಂದು ಕೇಳಿದಾಗ ಸೆರಗು ಬಾಯಿಗೆ ಹಿಡಿಯಬೇಡಿ. ಬಾಯಿ ಬಿಟ್ಟು ಹೇಳಿ. ಹೇಗೆ ಹೇಳಬೇಕೆಂದು ತಿಳಿಯದಿದ್ದರೆ ಶಿವವ್ವ ಹೇಳಿದ್ದನ್ನು ಕೇಳಿ.

ಅಮಾವಾಸ್ಯೆಗೆ ಊರಿನಿಂದ ಕೇಶಪ್ಪನ ಫೋನು ಬಂತು.

“ತಂಗಿ, ಪರೀಕ್ಷಿ ಮುಗೀತಲ್ಲ? ಬೇರಿನವಗ ಹೇಳಿಟ್ಟೇನಿ. ಹುಡುಗೀನ್ನ ನಾಳಿ ರೈಲಿಗೆ ಹತ್ತಸು. ನೀ ಮಾತು ಕೊಟ್ಟೀದಿ.”

ಶಿವವ್ವ ಬಾಗಿಲಲ್ಲಿ ನಿಂತಿದ್ದಳು. ತಂತಿಯ ಮೇಲೆ ಕೌದಿ ಗಾಳಿಗೆ ಉಬ್ಬುತ್ತಿತ್ತು. ಅದರಾಚೆ, ಇಳಿಜಾರಿನಲ್ಲಿ, ಯಾರ್ಡಿನ ಹೊಸ ನೀಲಿ ಅಂಗಿ ತೊಟ್ಟ ನಂದಾ ಬಸ್ಸಿಗೆ ಓಡುತ್ತಿದ್ದಳು.

“ಕೊಟ್ಟಿದ್ದೆ ಅಣ್ಣಾ. ಅದು ನನ್ನ ಮಾತಾಗಿರಲಿಲ್ಲ, ಆಕೀದು. ಆಕಿನ್ನ ಕೇಳದ ಕೊಟ್ಟಿದ್ದೆ. ಈಗ ಕೇಳು: ನಾ ಕಳಸಂಗಿಲ್ಲ. ಈ ಅಮಾಸಿಗೂ ಇಲ್ಲ, ಬರೂ ಅಮಾಸಿಗೂ ಇಲ್ಲ.”